ಅರ್ಧ ಪಾಲಿಗೆ ಹತ್ತಿ ಬೆಳೆದವನ ಸಾಲ ಯಾಕೆ ತೀರುತ್ತಿರಲಿಲ್ಲ?

1930ರ ದಶಕದಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪಾಲಿಗೆ ಹತ್ತಿ ಬೆಳೆದವರು ವರ್ಷವಿಡೀ ದುಡಿದೂ ಸಾಲದಲ್ಲೇ ಉಳಿದದ್ದು ಹೇಗೆ ಎಂದು ಕೇಳಿದ್ದೀರಿ. ಲೆಕ್ಕ ಹಾಕಿಯೇ ತೋರಿಸುತ್ತೇನೆ.

ನಮ್ಮ ಕಡೆಯ ಕೋರು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಹೊಲ, ಗುಡಿಸಲು, ಹೇಸರಗತ್ತೆ, ನೇಗಿಲು, ಬೀಜ ಧಣಿಯದು. ದುಡಿಮೆ ಮಕ್ಕಳೂ ಸೇರಿದಂತೆ ಇಡೀ ಸಂಸಾರದ್ದು. ಬೆಳೆಯಲ್ಲೂ ಗೊಬ್ಬರದ ಖರ್ಚಲ್ಲೂ ಅರ್ಧರ್ಧ. ಸ್ವಂತ ಹೇಸರಗತ್ತೆ ಇದ್ದವನಾದರೆ ಹತ್ತಿಯಲ್ಲಿ ಕಾಲುಪಾಲು ಕೊಟ್ಟರೆ ಸಾಕಿತ್ತು.

ಮಾರ್ಚಿನಿಂದ ಆಗಸ್ಟ್‌ವರೆಗೆ ಕೈಯಲ್ಲಿ ಕಾಸಿರುತ್ತಿರಲಿಲ್ಲ. ಧಣಿ ದಿನಸಿಯನ್ನು ಉದ್ದರಿ ಕೊಡುತ್ತಿದ್ದ, ಎಷ್ಟೋ ಕಡೆ ತನ್ನದೇ ಅಂಗಡಿಯಿಂದ, ನಗದು ಬೆಲೆಗಿಂತ ಹೆಚ್ಚಿಗೆ. ಬಡ್ಡಿ ಶೇ. 10 ಎನ್ನುತ್ತಿದ್ದರು. ಆದರೆ ಆ ಶೇ. 10 ಪೂರ್ತಿ ಕೊಡಬೇಕಿತ್ತು, ಸಾಲ ಬಾಕಿ ಇರುತ್ತಿದ್ದದ್ದು ಮಾತ್ರ ನಾಲ್ಕೈದು ತಿಂಗಳು. ವರ್ಷದ ಲೆಕ್ಕದಲ್ಲಿ ಅದು ಶೇ. 25 ಆಸುಪಾಸಿಗೆ ಬರುತ್ತದೆ.

ಒಂದು ಸಂಸಾರ 15 ಎಕರೆ ಹತ್ತಿ ಮಾಡಿತು, ಎಕರೆಗೆ 170 ಪೌಂಡ್ ಅರಳೆ (ಬೀಜ ತೆಗೆದ ಹತ್ತಿ) ಬಂತು ಎಂದಿಟ್ಟುಕೊಳ್ಳಿ. ಒಟ್ಟು ಸುಮಾರು 2,500 ಪೌಂಡ್. ಸಂಸಾರದ ಪಾಲು 1,250 ಪೌಂಡ್. 1929ರಲ್ಲಿದ್ದ ಪೌಂಡಿಗೆ ಸುಮಾರು 17 ಸೆಂಟ್ ದರದಲ್ಲಿ 212 ಡಾಲರ್. 1931ರಲ್ಲಿ ದರ 6 ಸೆಂಟಿಗಿಂತಲೂ ಇಳಿದಾಗ 75 ಡಾಲರ್ ಕೂಡ ಇಲ್ಲ. ತಿಂಗಳಿಗೆ 12 ಡಾಲರಿನಂತೆ ಆರು ತಿಂಗಳ ದಿನಸಿ 72, ಬಡ್ಡಿ 7. ಅಲ್ಲಿಗೇ 79 ಆಯಿತು, ಗೊಬ್ಬರದ ಪಾಲು ಇನ್ನೂ ಸೇರಿಲ್ಲ.

ಲೆಕ್ಕದ ಪುಸ್ತಕ ಧಣಿಯ ಕೈಯಲ್ಲಿ, ಹತ್ತಿ ಮಾರುವವನೂ ಅವನೇ. ನನ್ನ ಮಟ್ಟಿಗೆ ಬೆಲೆ ಕುಸಿತಕ್ಕಿಂತ ದೊಡ್ಡ ರೋಗ ಇದೇ. ಕರಿಯ ರೈತ ಲೆಕ್ಕ ತೋರಿಸಿ ಎಂದರೆ ಪ್ರಾಣಕ್ಕೇ ಸಂಚಕಾರ.

ಊಟ ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಕೊಬ್ಬು, ಕಾಕಂಬಿ. ಬಾಗಿಲವರೆಗೂ ಹತ್ತಿಯನ್ನೇ ಹಾಕಿಸಿದರೆ ಕಾಯಿಪಲ್ಲೆಗೆ ಜಾಗ ಎಲ್ಲಿ? ನಯಾಸಿನ್ ಎಂಬ ವಿಟಮಿನ್ ಕೊರತೆಯಿಂದ ಪೆಲಾಗ್ರ ಎಂಬ ಕಾಯಿಲೆ ಬರುತ್ತಿತ್ತು: ಚರ್ಮ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ.

1933ರಲ್ಲಿ ಸರ್ಕಾರ ಬೆಲೆ ಏರಿಸಲೆಂದು ಸುಮಾರು ಒಂದು ಕೋಟಿ ಎಕರೆ ಹತ್ತಿಯ ಮೇಲೆ ನೇಗಿಲು ಹೊಡೆಸಿ ಬೆಳೆಯನ್ನೇ ನಾಶ ಮಾಡಿಸಿತು. ಮುಂದಿನ ಎರಡು ವರ್ಷ ಹತ್ತಿ ಕಡಿಮೆ ಹಾಕುವ ಕರಾರಿನಲ್ಲಿ ಪೌಂಡಿಗೆ ನಾಲ್ಕೂವರೆ ಸೆಂಟ್ ಪರಿಹಾರವಿತ್ತು. ಅದರಲ್ಲಿ ಅರ್ಧ ಪಾಲಿನವನಿಗೆ ಅರ್ಧ ಸೆಂಟ್, ಉಳಿದದ್ದು ಧಣಿಗೆ. ಪಾಲಿನವನನ್ನು ಬಿಡಿಸಿ ದಿನಗೂಲಿಗೆ ಇಟ್ಟುಕೊಂಡರೆ ಆ ಅರ್ಧ ಸೆಂಟನ್ನೂ ಕೊಡಬೇಕಿರಲಿಲ್ಲ. ಬಹಳ ಧಣಿಗಳು ಅದನ್ನೇ ಮಾಡಿದರು. ಇದನ್ನು ಎದುರಿಸಲು 1934ರ ಜುಲೈನಲ್ಲಿ ಅರ್ಕಾನ್ಸಾಸ್‌ನ ಟೈರೋನ್ಜಾದ ಹತ್ತಿರ ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಸಂಘ ಕಟ್ಟಿದರು. ಆದರೂ ಒಕ್ಕಲೆಬ್ಬಿಸುವುದು ನಿಲ್ಲಲಿಲ್ಲ. 1939ರ ಜನವರಿಯ ಚಳಿಯಲ್ಲಿ ಆಗ್ನೇಯ ಮಿಸೌರಿಯ ಹೆದ್ದಾರಿ 60 ಮತ್ತು 61ರ ಬದಿಗೆ ಸಾವಿರಕ್ಕೂ ಹೆಚ್ಚು ಜನ ಪಾತ್ರೆ, ಹಾಸಿಗೆ ಸಮೇತ ಬಂದು ಕುಳಿತರು.