ಓದುಗರ ಪ್ರಶ್ನೆ: ಅಮೆರಿಕದ ಸಂವಿಧಾನ ತಿದ್ದೋದು ಅಷ್ಟು ಕಷ್ಟವಾ?

ಪ್ರಶ್ನೆ: ಅಮೆರಿಕದ ಸಂವಿಧಾನ ಅಷ್ಟು ಹಳೆಯದು, ಆದರೂ ತಿದ್ದುಪಡಿ ಆಗಿರೋದು ಬರೀ 27 ಅಂತಾರೆ. ಅಲ್ಲಿನವರಿಗೆ ಬದಲಾವಣೆಯೇ ಬೇಡವಾ?

ಉತ್ತರ: ಬೇಡ ಅಂತ ಯಾರು ಹೇಳಿದ್ದು? 1789ರಿಂದ ಈಚೆಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ 11,000ಕ್ಕೂ ಜಾಸ್ತಿ ತಿದ್ದುಪಡಿ ಪ್ರಸ್ತಾಪಗಳು ಮಂಡನೆಯಾಗಿವೆ. ಅದರಲ್ಲಿ ಕಾಂಗ್ರೆಸ್ ದಾಟಿ ರಾಜ್ಯಗಳ ಮುಂದೆ ಹೋದದ್ದು 33. ಗೆದ್ದದ್ದು 27. ಆ 27ರಲ್ಲೂ ಮೊದಲ ಹತ್ತು 1791ರಲ್ಲಿ ಒಟ್ಟಿಗೇ ಬಂದವು, ಬಿಲ್ ಆಫ್ ರೈಟ್ಸ್ (ಹಕ್ಕುಗಳ ಪಟ್ಟಿ) ಅನ್ನೋದು ಅದನ್ನೇ.

ದಾರಿ ಹೇಗಿದೆ ನೋಡಿ. ಮೊದಲು ಕಾಂಗ್ರೆಸ್ಸಿನ ಸದನಗಳಾದ ಸೆನೆಟ್ ಮತ್ತು ಪ್ರತಿನಿಧಿ ಸಭೆ ಎರಡರಲ್ಲೂ ಮೂರರಲ್ಲಿ ಎರಡು ಪಾಲು ಮತ ಬೀಳಬೇಕು. ಆಮೇಲೆ 50 ರಾಜ್ಯಗಳಲ್ಲಿ 38 ಒಪ್ಪಬೇಕು. ಅಂದರೆ 13 ರಾಜ್ಯಗಳು ಸುಮ್ನೆ ಕೂತರೂ ಸಾಕು, ಕೆಲಸ ಕೆಟ್ಟಿತು. ಈ ಲೆಕ್ಕದಲ್ಲಿ ಆರು ಲಕ್ಷ ಜನರೂ ಇಲ್ಲದ ವಯೋಮಿಂಗ್‌ಗೂ ಸುಮಾರು ನಾಲ್ಕು ಕೋಟಿ ಜನರಿರುವ ಕ್ಯಾಲಿಫೋರ್ನಿಯಾಗೂ ಒಂದೇ ತೂಕ. ನೆಬ್ರಾಸ್ಕ ಒಂದನ್ನು ಬಿಟ್ಟು ಉಳಿದ ರಾಜ್ಯಗಳಿಗೆಲ್ಲ ಎರಡೆರಡು ಸದನ ಇವೆ, ಅದರಲ್ಲಿ ಒಂದು ಕೈಕೊಟ್ಟರೂ ಆ ರಾಜ್ಯದ ಒಪ್ಪಿಗೆ ಸಿಗೋದಿಲ್ಲ. ಇನ್ನೊಂದು ದಾರಿಯೂ ಇದೆ, 34 ರಾಜ್ಯಗಳು ಸೇರಿ ತಿದ್ದುಪಡಿ ಸೂಚಿಸೋಕೆ ವಿಶೇಷ ಸಮಾವೇಶ ಕರೆಯಿರಿ ಅಂತ ಕೇಳಬಹುದು. ಇವತ್ತಿನವರೆಗೆ ಅದು ನಡೆದೇ ಇಲ್ಲ.

ಸುಲಭಕ್ಕೆ ಬದಲಾಗಬಾರದು ಅನ್ನೋದು ಸರಿಯೇ. ಆದರೆ ಇಷ್ಟು ಬಿಗಿ ಮಾಡಿದರೆ ಒಂದು ತೊಂದರೆ ಇದೆ. ಜನಪ್ರತಿನಿಧಿಗಳು ಮಾಡಲಾಗದ ಬದಲಾವಣೆಯನ್ನು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐದು ಜನ ಮಾಡಿಬಿಡಬಹುದು. 1973ರಲ್ಲಿ ಗರ್ಭಪಾತ ಸಂವಿಧಾನ ಕೊಟ್ಟ ಹಕ್ಕು ಅಂತ ಕೋರ್ಟ್ ಹೇಳಿತು, 2022ರಲ್ಲಿ ಅದೇ ಕೋರ್ಟ್ ಅಲ್ಲ ಅಂತು. ನಡುವೆ ಈ ವಿಷಯದಲ್ಲಿ ಸಂವಿಧಾನದ ಒಂದಕ್ಷರವೂ ಬದಲಾಗಿರಲಿಲ್ಲ. ನ್ಯಾಯಮೂರ್ತಿಗಳ ನೇಮಕಕ್ಕೆ ಅಲ್ಲಿ ಅಷ್ಟು ಜಗಳ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಪ್ರಶ್ನೆ: ಅಧ್ಯಕ್ಷರಿಗೆ ಇಷ್ಟವಿಲ್ಲದಿದ್ದರೆ ತಿದ್ದುಪಡಿ ತಡೆಯಬಹುದಾ? ಮನಸ್ಸು ಮಾಡಿದರೆ ಮೂರನೇ ಸಲ ಚುನಾವಣೆಗೆ ನಿಲ್ಲಬಹುದಾ?

ಉತ್ತರ: ತಡೆಯೋಕಾಗಲ್ಲ. ತಿದ್ದುಪಡಿಗೆ ಅಧ್ಯಕ್ಷರ ಸಹಿಯೇ ಬೇಕಿಲ್ಲ, 1798ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿ ಮುಗಿಸಿದೆ. ಗುಲಾಮಗಿರಿ ತೆಗೆದುಹಾಕಿದ 13ನೇ ತಿದ್ದುಪಡಿಗೆ ಅಧ್ಯಕ್ಷ ಲಿಂಕನ್ 1865ರಲ್ಲಿ ಸಹಿ ಹಾಕಿದ್ದರು. ಅದರ ಅಗತ್ಯವಿರಲಿಲ್ಲ ಅಂತ ಸೆನೆಟ್ ಆಮೇಲೆ ನಿರ್ಣಯವನ್ನೇ ಮಾಡಿತು!

ಮೂರನೇ ಸಲದ ವಿಷಯಕ್ಕೆ ಬಂದರೆ, ಎರಡು ಸಲ ಸಾಕು ಅನ್ನೋದು ಮೊದಲ ಅಧ್ಯಕ್ಷ ವಾಷಿಂಗ್ಟನ್ ಹಾಕಿಕೊಟ್ಟ ರೂಢಿ ಅಷ್ಟೇ ಆಗಿತ್ತು, ಕಾನೂನಿನಲ್ಲಿ ಇರಲಿಲ್ಲ. ಫ್ರಾಂಕ್ಲಿನ್ ರೂಸ್‌ವೆಲ್ಟ್ 1932, 1936, 1940, 1944 ಹೀಗೆ ನಾಲ್ಕು ಸಲ ಗೆದ್ದಾಗ ರೂಢಿ ಮುರಿಯಿತು. 1951ರಲ್ಲಿ 22ನೇ ತಿದ್ದುಪಡಿ ಬಂತು, ಎರಡಕ್ಕಿಂತ ಹೆಚ್ಚು ಸಲ ಯಾರೂ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ. ಅದನ್ನು ತೆಗೆಯಬೇಕೆಂದರೂ ಮತ್ತೆ ಆ 38 ರಾಜ್ಯಗಳ ಹತ್ತಿರವೇ ಹೋಗಬೇಕು.

ಪ್ರಶ್ನೆ: ಒಮ್ಮೆ ಸೇರಿದ ತಿದ್ದುಪಡಿಯನ್ನು ತೆಗೆದುಹಾಕಿದ್ದು ಉಂಟಾ?

ಉತ್ತರ: ಒಂದೇ ಒಂದು ಸಲ. 1919ರಲ್ಲಿ 18ನೇ ತಿದ್ದುಪಡಿಯಿಂದ ಪಾನನಿಷೇಧ ಬಂತು, 1933ರಲ್ಲಿ 21ನೆಯದು ಬಂದು ಅದನ್ನು ರದ್ದು ಮಾಡಿತು.

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ತಮ್ಮನ ಪೋಸ್ಟನ್ನು ಒಂದು ಸೋಷಿಯಲ್ ಮೀಡಿಯಾ ಕಂಪನಿ ಅಳಿಸಿಹಾಕಿದೆ. ಇದು ಮೊದಲನೇ ತಿದ್ದುಪಡಿಯ ಉಲ್ಲಂಘನೆ ಅಂತ ಅವನ ವಾದ. ಹೌದಾ?

ಉತ್ತರ: ಅಲ್ಲ. ಅಲ್ಲೇ ಹುಟ್ಟಿ ಬೆಳೆದವರೂ ಇದನ್ನು ತಪ್ಪು ತಿಳಿದುಕೊಂಡಿರುತ್ತಾರೆ, ತಮ್ಮನಿಗೆ ಬೇಜಾರು ಬೇಡ ಅನ್ನಿ. ವಾಕ್ ಸ್ವಾತಂತ್ರ್ಯ ಕಾಪಾಡುವ ಮೊದಲನೇ ತಿದ್ದುಪಡಿ ಕೈ ಕಟ್ಟುವುದು ಸರ್ಕಾರದ್ದು, ಖಾಸಗಿ ಕಂಪನಿಯದ್ದಲ್ಲ. ಸರ್ಕಾರವೇ ಅವರ ಮಾತಿಗೆ ಅಡ್ಡ ಬಂದರೆ ಆಗ ಕೋರ್ಟಿಗೆ ಹೋಗಬಹುದು. ಮೊದಮೊದಲು ಇದು ಕೇಂದ್ರ ಸರ್ಕಾರಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಅಂತರ್ಯುದ್ಧ ಮುಗಿದ ಮೇಲೆ 1868ರಲ್ಲಿ 14ನೇ ತಿದ್ದುಪಡಿ ಬಂತು, ಸರಿಯಾದ ಕಾನೂನು ಕ್ರಮವಿಲ್ಲದೆ ಯಾವ ರಾಜ್ಯವೂ ಯಾರ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳುವಂತಿಲ್ಲ ಅಂತ ಅದರಲ್ಲಿದೆ, ಅದನ್ನು ಹಿಡಿದುಕೊಂಡು ಸುಪ್ರೀಂ ಕೋರ್ಟ್ 20ನೇ ಶತಮಾನದಲ್ಲಿ ಒಂದೊಂದೇ ಹಕ್ಕನ್ನು ರಾಜ್ಯಗಳ ಮೇಲೂ ಹೇರುತ್ತಾ ಬಂತು. ನನ್ನನ್ನು ಕೇಳಿದರೆ ಇಡೀ ಪಟ್ಟಿಯಲ್ಲಿ ಜಾಸ್ತಿ ಕೆಲಸ ಮಾಡಿರುವುದು ಈ 14ನೆಯದೇ.

ಪ್ರಶ್ನೆ: ಒಂದು ತಿದ್ದುಪಡಿಗೆ ಇನ್ನೂರು ವರ್ಷ ಹಿಡಿಯಿತಂತೆ. ನಿಜವಾ, ಸುಮ್ನೆ ಕಥೆಯಾ?

ಉತ್ತರ: ನಿಜ, ಅದು 27ನೆಯದು. ಕಾಂಗ್ರೆಸ್ ಸದಸ್ಯರು ತಮ್ಮ ಸಂಬಳ ಬದಲಿಸಿಕೊಂಡರೆ ಅದು ಮುಂದಿನ ಚುನಾವಣೆ ಆದ ಮೇಲಷ್ಟೇ ಜಾರಿಯಾಗಬೇಕು ಅನ್ನೋದು ಅದರ ಸಾರ. 1789ರಲ್ಲಿ ರಾಜ್ಯಗಳಿಗೆ ಕಳಿಸಿದ 12 ಪ್ರಸ್ತಾಪಗಳಲ್ಲಿ ಇದೂ ಒಂದು. ಸಾಕಷ್ಟು ರಾಜ್ಯಗಳು ಒಪ್ಪದೆ ಮೂಲೆ ಸೇರಿತು. 1982ರಲ್ಲಿ ಗ್ರೆಗರಿ ವಾಟ್ಸನ್ ಎಂಬ ಟೆಕ್ಸಾಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಇದಕ್ಕೆ ಗಡುವೇ ಇಲ್ಲ, ಈಗಲೂ ಪಾಸು ಮಾಡಬಹುದು ಅಂತ ಪ್ರಬಂಧ ಬರೆದ. ಸಿಕ್ಕಿದ್ದು ಸಿ ಗ್ರೇಡ್! ಹುಡುಗ ಬಿಡಲಿಲ್ಲ, ರಾಜ್ಯ ರಾಜ್ಯದ ಶಾಸಕರಿಗೆ ಪತ್ರ ಬರೆಯುತ್ತಾ ಹೋದ, ಕಾಂಗ್ರೆಸ್ ಸಂಬಳದ ಮೇಲೆ ಜನರಿಗೆ ಹೇಗೂ ಸಿಟ್ಟಿತ್ತು, 1992ರಲ್ಲಿ ಅದು ಸಂವಿಧಾನ ಸೇರಿಯೇಬಿಟ್ಟಿತು. 2017ರಲ್ಲಿ ಅವರ ಗ್ರೇಡನ್ನೂ ಎ ಮಾಡಿದರು.

ಹೀಗೆ ಗಡುವಿಲ್ಲದೆ ತೂಗಾಡುತ್ತಿರುವವು ಇನ್ನೂ ಇವೆ, 1924ರ ಬಾಲಕಾರ್ಮಿಕ ತಿದ್ದುಪಡಿ ಅಂಥದ್ದೊಂದು. ಗಡುವು ಇದ್ದರೆ ಕಥೆಯೇ ಬೇರೆ. ಮಹಿಳೆಯರಿಗೆ ಸಮಾನ ಹಕ್ಕು ಕೊಡುವ ತಿದ್ದುಪಡಿ 1972ರಲ್ಲಿ ಕಾಂಗ್ರೆಸ್ ದಾಟಿತು, ಕೊಟ್ಟ ಏಳು ವರ್ಷವನ್ನು 1982ರವರೆಗೆ ಎಳೆದರೂ 38 ರಾಜ್ಯ ಆಗಲಿಲ್ಲ. 2020ರಲ್ಲಿ ವರ್ಜೀನಿಯಾ 38ನೆಯದಾಗಿ ಒಪ್ಪಿಗೆ ಕೊಟ್ಟಿತು. ಅಷ್ಟರಲ್ಲಿ ಗಡುವು ಮುಗಿದು ದಶಕಗಳೇ ಆಗಿದ್ದವು, ಹಾಗಾಗಿ ಈ ಒಪ್ಪಿಗೆ ಲೆಕ್ಕಕ್ಕೆ ಬರುತ್ತಾ ಅನ್ನೋದೇ ಜಗಳ, ಸಾಲದ್ದಕ್ಕೆ ಮೊದಲು ಒಪ್ಪಿದ್ದ ಕೆಲವು ರಾಜ್ಯಗಳು ಒಪ್ಪಿಗೆ ವಾಪಸ್ ತೆಗೆದುಕೊಂಡಿದ್ದವು, ಹಾಗೆ ತೆಗೆದುಕೊಳ್ಳಬಹುದಾ ಅನ್ನೋದೇ ಈಗಿನ ಜಗಳದ ಇನ್ನೊಂದು ಎಳೆ.