ಕತೆಗಾರರ ಪ್ರಶ್ನೆಗೆ ಉತ್ತರ: ರಷ್ಯಾದ ಕ್ಯೂ, ರಷ್ಯಾದ ನೋಟು

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ರಷ್ಯಾದ ಲೆನಿನ್‌ಗ್ರಾಡ್ ನಗರಕ್ಕೆ ಹಾಕಿದ್ದ ಮುತ್ತಿಗೆಯ ಕಾಲದ ಒಬ್ಬ ತಾಯಿಯ ಬಗ್ಗೆ ಸಣ್ಣ ಕತೆ ಬರೆದು ನಿಮಗೆ ಕಳಿಸಿದ್ದೇನೆ. ಓದಿದ ಗೆಳೆಯರು ‘ಚರಿತ್ರೆ ಪಾಠ ಇದ್ದಹಾಗಿದೆ’ ಅಂತಾರೆ. ಮಾಹಿತಿ ಎಲ್ಲ ಸರಿಯಾಗೇ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಗೆಳೆಯರು ಸುಳ್ಳು ಹೇಳಿಲ್ಲ. ಮೊದಲ ಪುಟದಲ್ಲೇ ಹಿಟ್ಲರ್, ಸ್ಟಾಲಿನ್, ‘872 ದಿನಗಳ ಮುತ್ತಿಗೆ’ ಮೂರೂ ಬಂದು ಕೂತಿವೆ. ಪಾಪ, ಆ ತಾಯಿಗೆ ಜಾಗ ಸಿಗುವುದು ಎರಡನೇ ಪುಟದಲ್ಲಿ. 1941ರ ಡಿಸೆಂಬರ್‌ನಲ್ಲಿ ಕ್ಯೂ ನಿಂತವಳಿಗೆ 872ರ ಲೆಕ್ಕ ಹೇಗೆ ಗೊತ್ತಾಗಬೇಕು ಹೇಳಿ? ಅದು ನಮ್ಮ ಲೆಕ್ಕ. ಅವಳದ್ದು 125 ಗ್ರಾಂ.

ಆ ನವೆಂಬರ್ 20ರಿಂದ ಒಂದು ತಿಂಗಳಿಗೂ ಜಾಸ್ತಿ ಕಾಲ ಮಕ್ಕಳಿಗೆ, ದುಡಿಯದವರಿಗೆ, ಕಚೇರಿ ನೌಕರರಿಗೆ ದಿನಕ್ಕೆ ಸಿಗುತ್ತಿದ್ದದ್ದು ಇಷ್ಟೇ ಬ್ರೆಡ್. ಕಾರ್ಖಾನೆ ಕೆಲಸಗಾರರಿಗೆ 250 ಗ್ರಾಂ. ನೀವೂ ಇದನ್ನು ಬರೆದಿದ್ದೀರಿ, ಆದರೆ ಬರೀ ಅಂಕಿಯಾಗಿ. ಸ್ವಲ್ಪ ಅಂಗಡಿಯೊಳಗೆ ಹೋಗಿ. ಕತ್ತಲಿರುವಾಗಲೇ ಕ್ಯೂ ಶುರು. ಕೌಂಟರಿನ ಹೆಂಗಸು ರೇಷನ್ ಕಾರ್ಡಿನಿಂದ ಆ ದಿನದ ಕೂಪನ್ ಕತ್ತರಿಸಿಕೊಳ್ಳುತ್ತಾಳೆ. ಬ್ರೆಡ್ ಕೊಯ್ದು ತಕ್ಕಡಿಗೆ ಇಡುತ್ತಾಳೆ. ತೂಕ ಕಮ್ಮಿ ಬಂದರೆ ಮೇಲೊಂದು ಪುಟ್ಟ ಚೂರು. ಎಲ್ಲರ ಕಣ್ಣೂ ಆ ಚೂರಿನ ಮೇಲೆ. ಮನೆಗೆ ಹೋಗುವ ದಾರಿಯಲ್ಲಿ ಅದನ್ನು ಯಾರು ತಿನ್ನಬೇಕು? ಜೊತೆಗೆ ಬಂದ ಮಗುವಾ? ಚಳಿಯಲ್ಲಿ ನಿಂತ ತಾಯಿಯಾ? ಇಲ್ಲ, ಏಳಲಾರದೆ ಮಲಗಿರುವ ಅತ್ತೆಗೆ ಒಯ್ಯಬೇಕಾ? ನಿಮ್ಮ ಕತೆ ಇರುವುದು ಇಲ್ಲಿ.

ಇನ್ನೊಂದು ವಿಷಯ. ಡಿಸೆಂಬರ್ 25ರ ಬೆಳಿಗ್ಗೆ ಅಂಗಡಿಗೆ ಬಂದವರಿಗೆ 125ರ ಬದಲು 200 ಗ್ರಾಂ ಕೊಟ್ಟರು. ಮುಂಚೆ ಯಾರಿಗೂ ಹೇಳಿರಲಿಲ್ಲ. ಒಂದು ದಿನ ಮೊದಲು ಕಾರ್ಡ್ ಕಳೆದುಕೊಂಡವಳು ಆ ಕ್ಯೂ ಪಕ್ಕ ಹಾದುಹೋದರೆ? ಸುಮ್ನೆ ಕೇಳಿದೆ.

ರೇಡಿಯೋದಲ್ಲಿ ಕೇಳಿಸುತ್ತಿದ್ದ ಮೆಟ್ರೊನೋಮ್ (ಟಿಕ್ ಟಿಕ್ ಅಂತ ತಾಳ ಬಡಿಯುವ ಯಂತ್ರ) ಸದ್ದಿಗೆ ನೀವು ಒಂದಿಡೀ ಪ್ಯಾರಾ ಕೊಟ್ಟಿದ್ದೀರಿ. ನಿಧಾನಕ್ಕೆ ಬಡಿದರೆ ಭಯವಿಲ್ಲ, ಬೇಗಬೇಗ ಬಡಿದರೆ ವಿಮಾನ ದಾಳಿ ಅಂತ. ನಿಜವೇ. ಆದರೆ ವಿವರಣೆ ತೆಗೆಯಿರಿ. ‘ಬಡಿತ ಬಿರುಸಾಯಿತು. ಅವಳು ಏಳಲಿಲ್ಲ’ ಅಂತ ಬರೆದರೆ ಓದುಗರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ರಷ್ಯಾ ಅಂದರೆ ಕ್ರಾಂತಿ, ಯುದ್ಧ, ಸೈಬೀರಿಯಾ ಅಷ್ಟೇನಾ? ಕತೆಗೆ ಬೇರೆ ವಸ್ತು ಇಲ್ಲವಾ?

ಉತ್ತರ: ಬೇಕಾದಷ್ಟಿದೆ. ನನ್ನನ್ನು ಕೇಳಿದರೆ 1991ರ ಜನವರಿ 22, ಮಂಗಳವಾರ ರಾತ್ರಿ. ಒಂಬತ್ತರ ಟಿವಿ ವಾರ್ತೆಯಲ್ಲಿ ಹೇಳಿದರು: 1961ರ ಮಾದರಿಯ 50 ಮತ್ತು 100 ರೂಬಲ್ ನೋಟು ಇನ್ನು ನಡೆಯುವುದಿಲ್ಲ. ಬದಲಾಯಿಸಿಕೊಳ್ಳಲು ಮೂರೇ ದಿನ. ಅದೂ ಒಬ್ಬರಿಗೆ 1000 ರೂಬಲ್‌ವರೆಗೆ ಮಾತ್ರ. ಆ ಹೊತ್ತಿಗೆ ಬ್ಯಾಂಕ್ ಎಲ್ಲಿ ತೆಗೆದಿರುತ್ತದೆ? ಚುರುಕಿದ್ದವರು ಮೆಟ್ರೋ ಕೌಂಟರಿಗೆ, ರೈಲ್ವೆ ಸ್ಟೇಷನ್ನಿಗೆ ಓಡಿದರು. ದೊಡ್ಡ ನೋಟು ಕೊಟ್ಟು ದೂರದೂರಿನ ಟಿಕೆಟ್ ತಗೊಂಡರು. ಪ್ರಯಾಣಕ್ಕಲ್ಲ, ಆಮೇಲೆ ಟಿಕೆಟ್ ವಾಪಸ್ ಕೊಟ್ಟು ನಡೆಯುವ ನೋಟು ಪಡೆಯುವುದಕ್ಕೆ!

ಓಡಿದವರ ಕತೆಯನ್ನು ಯಾರು ಬೇಕಾದರೂ ಬರೆಯುತ್ತಾರೆ. ನನಗೆ ಕುತೂಹಲ ಇರುವುದು ಟಿಕೆಟ್ ಕಿಟಕಿಯ ಆಚೆ ಕೂತವಳ ಬಗ್ಗೆ. ಡ್ಯೂಟಿಯಲ್ಲಿದ್ದಾಳೆ, ಟಿವಿ ನೋಡಿಲ್ಲ. ಇದ್ದಕ್ಕಿದ್ದಂತೆ ಎಲ್ಲರೂ ದೊಡ್ಡ ನೋಟೇ ಚಾಚುತ್ತಿದ್ದಾರೆ, ಎಲ್ಲರಿಗೂ ದೇಶದ ಪೂರ್ವ ತುದಿಯ ವ್ಲಾದಿವೊಸ್ತೋಕ್‌ಗೇ ಹೋಗಬೇಕು. ಯಾಕೆ? ಯಾರೋ ಪುಣ್ಯಾತ್ಮ ವಿಷಯ ಹೇಳುತ್ತಾನೆ. ಅವಳ ಮನೆಯಲ್ಲೂ ಬಟ್ಟೆಯ ಮಡಿಕೆಯಲ್ಲಿ ಅಂಥವೇ ನೋಟು ಇವೆ. ಪಾಳಿ ಮುಗಿಯುವವರೆಗೆ ಏಳುವಂತಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ಸಣ್ಣ ನೋಟು ಖಾಲಿಯಾಗುತ್ತಾ ಬಂದಿದೆ. ಅವಳು ಏನು ಮಾಡುತ್ತಾಳೆ ಅಂತ ನೀವೇ ಹೇಳಬೇಕು. ಮಾರನೇ ವರ್ಷ ಜನವರಿ 2ರಂದು ಬಹುತೇಕ ಸಾಮಾನಿನ ಬೆಲೆ ಮೇಲಿದ್ದ ಸರ್ಕಾರದ ಹಿಡಿತ ಹೋಯಿತು, ಬೆಲೆ ಏರಿ ಉಳಿಸಿದ್ದ ದುಡ್ಡೂ ಕರಗಿಹೋಯಿತು. ಅದನ್ನೆಲ್ಲ ಇದೇ ಕತೆಗೆ ತುರುಕಬೇಡಿ, ಆ ರಾತ್ರಿ ಒಂದೇ ಸಾಕು.

ಪ್ರಶ್ನೆ: ಒಂದೇ ಪಾತ್ರಕ್ಕೆ ನತಾಲಿಯಾ, ನತಾಶಾ, ನತಾಲಿಯಾ ಪೆಟ್ರೋವ್ನಾ ಅಂತೆಲ್ಲ ಬಳಸಿದರೆ ಓದುಗರಿಗೆ ಗೊಂದಲ ಅಲ್ವಾ?

ಉತ್ತರ: ಆಗುತ್ತದೆ, ಆದರೂ ಬೇಕು. ಗಂಡನಿಗೆ ಅವಳು ನತಾಶಾ, ಅದು ನತಾಲಿಯಾದ ಮುದ್ದಿನ ರೂಪ. ಹೊರಗಿನವರು ಮರ್ಯಾದೆ ಕೊಟ್ಟು ಕರೆಯುವಾಗ ಅಪ್ಪನ ಹೆಸರೂ ಸೇರಿಸಿ ನತಾಲಿಯಾ ಪೆಟ್ರೋವ್ನಾ. ಸೋವಿಯತ್ ಕಾಲದ ಹಂಚಿಕೆಯ ಮನೆಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಸಂಸಾರ, ಎಲ್ಲರಿಗೂ ಸೇರಿ ಒಂದೇ ಅಡುಗೆಮನೆ. ಬಾಗಿಲ ಗಂಟೆಯೂ ಎಷ್ಟೋ ಕಡೆ ಒಂದೇ. ಇವರಿಗೆ ಎರಡು ಸಲ, ಅವರಿಗೆ ಮೂರು ಸಲ ಒತ್ತಬೇಕು. ಅಂಥ ಅಡುಗೆಮನೆಯಲ್ಲಿ ನಿನ್ನೆವರೆಗೆ ‘ನತಾಶಾ’ ಅನ್ನುತ್ತಿದ್ದ ನೆರೆಯಾಕೆ ಇವತ್ತು ಪೂರ್ತಿ ಹೆಸರು ಹಿಡಿದು ಕರೆದಳು ಅಂದರೆ, ಜಗಳ ಆಗಿದೆ ಅಂತ ನೀವು ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ಕ್ರಾಂತಿಯ ದಿನವನ್ನು ಅಕ್ಟೋಬರ್ 25 ಅಂತ ಬರೆಯಲಾ, ನವೆಂಬರ್ 7 ಅಂತಲಾ?

ಉತ್ತರ: 1917ರಲ್ಲಿ ಬದುಕಿರುವ ಪಾತ್ರದ ಬಾಯಲ್ಲಿ ಅಕ್ಟೋಬರ್ 25. ಅವರ ಹಳೇ ಕ್ಯಾಲೆಂಡರ್ ಈಗಿನದಕ್ಕಿಂತ 13 ದಿನ ಹಿಂದಿತ್ತು. 1918ರಲ್ಲಿ ಅದನ್ನು ಬದಲಿಸಿದಾಗ ಜನವರಿ 31ರ ಮಾರನೇ ದಿನ ನೇರ ಫೆಬ್ರವರಿ 14. ಫೆಬ್ರವರಿ 10ಕ್ಕೆ ಸಾಲ ತೀರಿಸುತ್ತೇನೆ ಅಂದಿದ್ದವನ ಕತೆಯನ್ನು ಯಾರಾದರೂ ಬರೆದು ಕಳಿಸಿ.