ಸರ್ವೀಸ್ ಆದ ಮ್ಯಾಲೆ ಗಾಡಿ ಫಟ್ ಫಟ್ ಸಿಡಿತೈತಿ, ಪಿಕಪ್ಪೂ ಇಲ್ಲ: ಎಲ್ಲಿಂದ ಹುಡುಕೂದು?

ನೀವು ಬರದದ್ದು ಇಷ್ಟು: 2009ರ ಪೆಟ್ರೋಲ್ ಕಾರು, ಹುಬ್ಬಳ್ಳಿಯಾಗ ಸರ್ವೀಸ್ ಆಗೈತಿ. ಪ್ಲಗ್, ಏರ್ ಫಿಲ್ಟರ್, ಟೈಮಿಂಗ್ ಬೆಲ್ಟ್ (ವಾಲ್ವ್ ಸರಿಯಾದ ಹೊತ್ತಿಗೆ ತೆರಿಯೂಹಂಗ ಮಾಡೂ ಹಲ್ಲಿನ ಪಟ್ಟಿ) ಹೊಸಾವು, ಥ್ರಾಟಲ್ ಬಾಡಿ (ಇಂಜಿನ್ನಿಗೆ ಹೋಗೂ ಗಾಳಿಯ ಬಾಯಿ) ಕ್ಲೀನ್, ಕಡೀಕ ಇಂಜಿನ್ನಿಗೆ ವಾಟರ್ ವಾಶ್. ಹೊರಗ ತಂದ ದಿನದಿಂದನ ರೇಸ್ ಕೊಟ್ರ ಸಿಡಿತೈತಿ, ಉಣಕಲ್ ದಾಟಿ ಧಾರವಾಡದ ಕಡೆ ಏರು ಬಂದ್ರ ಮೂರನೇ ಗೇರಿಗೂ ಎಳಿಯೂದಿಲ್ಲ. ಗ್ಯಾರೇಜಿನವರು "ಕಾಯಿಲ್ ಹೋಗ್ಯಾವ, ಪೆಟ್ರೋಲ್ ಪಂಪೂ ವೀಕ್ ಐತಿ" ಅಂದಾರ. ಮಾಡೆಲ್ ನೀವು ಹೇಳಿಲ್ಲ, ಆದ್ರ 4 ಸಿಲಿಂಡರ್, ಎರಡು ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡೂ ಡಬ್ಬಿ), ನಾಕು ಪ್ಲಗ್ ವೈರ್ ಅಂದೀರಿ. ಅಷ್ಟು ಗೊತ್ತಾದ್ರ ಸಾಕು.

ಕಾಯಿಲ್ ಇನ್ನೂ ತರಬ್ಯಾಡ್ರಿ. ಗ್ಯಾರೇಜಿನೊಳಗ ಹೋಗೂತನಕ ಛಲೋ ಓಡಿದ ಗಾಡಿ ಹೊರಗ ಬಂದ ಕೂಡ್ಲೆ ಕೆಟ್ಟಿದ್ರ, ಕೈ ಹಚ್ಚಿದ ಜಾಗಾನ ಮೊದಲು ನೋಡಬೇಕು. ಕಾಯಿಲ್ಲು, ಪಂಪು ಎರಡೂ ಕೂಡಿ ಮಾತಾಡಿಕೊಂಡು ಸರ್ವೀಸಿನ ದಿನಾನ ಹೋಗೂದಿಲ್ಲ.

ಮೊದಲು ಸಪ್ಪಳ ಎಲ್ಲಿಂದ ಬರ್ತೈತಿ ಅನ್ನೂದು ತಿಳಕೋರಿ. ಬಾನೆಟ್ ಎತ್ತಿ, ಒಬ್ಬರನ್ನ ಒಳಗ ಕೂಡ್ರಿಸಿ ನಿಧಾನಕ್ಕ ರೇಸ್ ಕೊಡಸ್ರಿ. ಮುಖಾ ಇಂಜಿನ್ ಮ್ಯಾಲೆ ಚಾಚಬ್ಯಾಡ್ರಿ, ಬಾಜೂಕ ನಿಂತು ಕೇಳ್ರಿ. ಏರ್ ಫಿಲ್ಟರ್ ಡಬ್ಬಿ ಕಡೆಯಿಂದ ಸಿಡಿತೈತೋ, ಹಿಂದ ಸೈಲೆನ್ಸರಿನ್ಯಾಗ ಸಿಡಿತೈತೋ? ಎರಡಕ್ಕೂ ಜನ ಬ್ಯಾಕ್‌ಫೈರ್ ಅಂತಾರ, ರೋಗ ಮಾತ್ರ ಬ್ಯಾರೆ ಬ್ಯಾರೆ. ಏರ್ ಫಿಲ್ಟರ್ ಕಡೆ ಸಿಡಿದ್ರ, ಇಂಟೇಕ್ ವಾಲ್ವ್ ಇನ್ನೂ ಮುಚ್ಚದ ಇದ್ದಾಗ ಒಳಗ ಬೆಂಕಿ ಹತ್ತೈತಿ: ಕಿಡಿ ತಪ್ಪು ಹೊತ್ತಿಗೆ ಬಂದೈತಿ, ಇಲ್ಲಾ ವಾಲ್ವ್ ತಪ್ಪು ಹೊತ್ತಿಗೆ ತೆರದೈತಿ, ಇಲ್ಲಾ ಪೆಟ್ರೋಲ್ ಕಡಿಮಿಯಾಗಿ ಉರಿ ನಿಧಾನ ಆಗೈತಿ. ಸೈಲೆನ್ಸರಿನ್ಯಾಗ ಸಿಡಿದ್ರ, ಸಿಲಿಂಡರಿನ್ಯಾಗ ಉರಿಲಾರದ ಪೆಟ್ರೋಲ್ ಪೈಪಿಗೆ ಹೋಗಿ ಅಲ್ಲಿ ಹೊತ್ತೈತಿ: ಯಾವುದೋ ಪ್ಲಗ್ಗಿಗೆ ಕಿಡಿ ಇಲ್ಲ, ಇಲ್ಲಾ ಕಿಡಿ ಭಾಳ ತಡಾ ಬರ್ತೈತಿ.

ಇನ್ನೊಂದು ಗುರುತು ಐಡಲ್, ಅಂದ್ರ ರೇಸ್ ಕೊಡದ ಇಂಜಿನ್ ನಿಂತಲ್ಲೆ ಓಡೂದು. ನಿಮ್ಮ ಕೇಸಿನ್ಯಾಗ ನನಗ ಸಂಶಯ ಇರೂದು ಎರಡರ ಮ್ಯಾಲೆ, ಪ್ಲಗ್ ವೈರು ಮತ್ತ ಟೈಮಿಂಗ್ ಬೆಲ್ಟು. ವೈರ್ ಅದಲಬದಲ ಆಗಿದ್ರ ನಿಂತಲ್ಲೆ ಗಾಡಿ ಗಡಗಡ ನಡಗತೈತಿ, ಯಾಕಂದ್ರ ಎರಡು ಸಿಲಿಂಡರ್ ಸತ್ತಿರ್ತಾವ. ಬೆಲ್ಟ್ ಒಂದು ಹಲ್ಲು ತಪ್ಪಿದ್ರ ಐಡಲ್ ಅಷ್ಟೇನೂ ಕೆಡೂದಿಲ್ಲ, ನಾಕೂ ಸಿಲಿಂಡರ್ ಸಮಾನಾಗಿ ಮೆತ್ತಗ ಆಗಿರ್ತಾವ, ಲೋಡ್ ಬಿದ್ದಾಗ ಬಣ್ಣ ಬಯಲಾಗತೈತಿ.

ವೈರಿನಿಂದ ಸುರು ಮಾಡ್ರಿ, ಖರ್ಚಿಲ್ಲದ ಕೆಲಸ. ನಾಕು ಸಿಲಿಂಡರಿನ ಇಂಥಾ ಇಂಜಿನ್ನಿಗೆ ಫೈರಿಂಗ್ ಆರ್ಡರ್ (ಸಿಲಿಂಡರಿಗೆ ಕಿಡಿ ಬೀಳೂ ಸರದಿ) 1-3-4-2. ಸಾಮಾನ್ಯವಾಗಿ ಬೆಲ್ಟ್ ಇರೂ ಕಡೆಯದ್ದು 1ನೇ ಸಿಲಿಂಡರ್. ಎರಡು ಕಾಯಿಲ್ ಇದ್ರ ಒಂದು ಕಾಯಿಲ್ 1 ಮತ್ತು 4ಕ್ಕ, ಇನ್ನೊಂದು 2 ಮತ್ತು 3ಕ್ಕ ಒಮ್ಮೆಲೆ ಕಿಡಿ ಕೊಡತೈತಿ. ಹಿಂಗಾಗಿ 1ರ ವೈರು 4ಕ್ಕ, 4ರದ್ದು 1ಕ್ಕ ಹೋದ್ರ ಏನೂ ಆಗೂದಿಲ್ಲ. 1ರದ್ದು 3ಕ್ಕ ಹೋತು ಅಂದ್ರ ಆ ಎರಡೂ ಸಿಲಿಂಡರಿಗೆ ಕಿಡಿ ಕ್ರ್ಯಾಂಕಿನ (ಪಿಸ್ಟನ್ನುಗಳು ತಿರುವೂ ದಂಡ) ಅರ್ಧ ಸುತ್ತು ತಪ್ಪಿ ಬರ್ತೈತಿ, ಪಿಸ್ಟನ್ ಕೆಳಗಿದ್ದಾಗ. ಆಗ ಇಂಟೇಕ್ ವಾಲ್ವ್ ಇನ್ನೂ ತೆರದಿರ್ತೈತಿ, ಉರಿ ಹಿಂದಕ್ಕ ಒದೀತೈತಿ. ಹಳೇ ಮಾರುತಿ 800 ಇದ್ದವರು ಇದನ್ನ ಓದತಿದ್ರ, ಅದು 3 ಸಿಲಿಂಡರ್, ಆರ್ಡರ್ 1-3-2. ಡಿಸ್ಟ್ರಿಬ್ಯೂಟರ್ (ಒಂದೇ ಕಾಯಿಲ್ಲಿನ ಕಿಡಿಯನ್ನ ಸರದಿಯಂಗ ಹಂಚೂ ಡಬ್ಬಿ) ಇರೂ ಗಾಡಿಯಾಗ ಪ್ರತಿ ವೈರೂ ತನ್ನ ಜಾಗದಾಗನ ಇರಬೇಕು.

ವೈರ್ ಸರಿ ಇದ್ರ ಯಾವ ಸಿಲಿಂಡರ್ ಸತ್ತೈತಿ ಅನ್ನೂದು ಹಿಡೀರಿ. ಭಾಳ ಮಂದಿ ಮಿಸ್ತ್ರಿಗಳು ಇಂಜಿನ್ ಓಡತಿದ್ದಾಗ ಪ್ಲಗ್ ವೈರ್ ಕಿತ್ತು ನೋಡ್ತಾರ. ಅದು ಬ್ಯಾಡ. ದಾರಿ ಸಿಗದ ಕಿಡಿ ಕಾಯಿಲ್ಲನ್ನ ಒಳಗಿಂದ ಸುಡತೈತಿ, ಹಸಿ ಪೆಟ್ರೋಲ್ ಸೈಲೆನ್ಸರ್ ದಾರ್ಯಾಗ ಹೊಗಿ ಸ್ವಚ್ಛ ಮಾಡೂ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗತೈತಿ, ಕೈಗೆ ಶಾಕೂ ಹೊಡಿತೈತಿ. ಅದರ ಬದಲಿ ಇಂಜೆಕ್ಟರಿನ (ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸೂದು) ಕಪ್ಲರ್, ಅಂದ್ರ ವೈರಿನ ಪ್ಲಾಸ್ಟಿಕ್ ಜೋಡಣಿ, ಒಂದೊಂದ ಬಿಚ್ಚಿ ನೋಡ್ರಿ. ಬಿಚ್ಚಿದಾಗ ಇಂಜಿನ್ ಇನ್ನಷ್ಟು ನಡಗಿದ್ರ ಆ ಸಿಲಿಂಡರ್ ಕೆಲಸಾ ಮಾಡ್ತಿತ್ತು. ಏನೂ ಫರಕ್ ಆಗ್ಲಿಲ್ಲಂದ್ರ ಸತ್ತದ್ದು ಅದನ. 1 ಮತ್ತು 4 ಕೂಡೇ ಸತ್ತಿದ್ರ ಮಾತ್ರ ಕಾಯಿಲ್ ಮ್ಯಾಲೆ ಸಂಶಯ ಪಡೂದು, ಅದೂ ಕಾಯಿಲ್ಲಿನ ಕಪ್ಲರ್ ಗಟ್ಟಿ ಕೂತೈತೇನು ನೋಡಿದ ಮ್ಯಾಲೆ. 2, 3 ಸತ್ರ ಇನ್ನೊಂದು ಕಾಯಿಲ್. ಒಂದೇ ಸತ್ತಿದ್ರ ಪ್ಲಗ್ಗು, ವೈರು, ಇಲ್ಲಾ ನೀರು.

ನೀರು ಸಣ್ಣ ಮಾತಲ್ಲ. ಪ್ರೆಷರ್ ಹಚ್ಚಿ ಇಂಜಿನ್ ತೊಳದ್ರ ಪ್ಲಗ್ ಕೂತ ತಗ್ಗಿನ್ಯಾಗ ನೀರು ನಿಂದರ್ತೈತಿ, ಮ್ಯಾಲೆ ರಬ್ಬರ್ ಕ್ಯಾಪ್ ಇರೂದಕ್ಕ ಅದು ಆರೂದೂ ಇಲ್ಲ. ಕ್ಯಾಪ್ ಎಳದು, ಟೈರಿಗೆ ಗಾಳಿ ಹಾಕೂ ಕಂಪ್ರೆಸರಿನಿಂದ ಊದ್ರಿ. ಊದೂದು ಪ್ಲಗ್ ಬಿಚ್ಚೂಕಿಂತ ಮೊದಲು. ನಮ್ಮ ಎರಿ ಮಣ್ಣಿನ ಧೂಳು ಆ ತಗ್ಗಿನ್ಯಾಗ ಗಸಿ ಆಗಿ ಕೂತಿರ್ತೈತಿ, ಪ್ಲಗ್ ಬಿಚ್ಚಿದ ಕೂಡ್ಲೆ ಸೀದಾ ಸಿಲಿಂಡರಿಗೆ ಬೀಳತೈತಿ. ರಾತ್ರಿ ಕತ್ತಲಿನ್ಯಾಗ ಬಾನೆಟ್ ತಗದು ಇಂಜಿನ್ ಚಾಲೂ ಇಟ್ಟು ನೋಡ್ರಿ, ಸೋರೂ ವೈರಿನ ಮ್ಯಾಲೆ ನೀಲಿ ಕಿಡಿ ಹರದಾಡೂದು ಕಣ್ಣಿಗೆ ಕಾಣತೈತಿ.

ಹೊಸ ಪ್ಲಗ್ ಅಂದ್ರ ಸರಿ ಇರೂ ಪ್ಲಗ್ ಅಂತಲ್ಲ. ನಾಕನ್ನೂ ಬಿಚ್ಚಿ ಸಾಲಾಗಿ ಇಡ್ರಿ. ನಂಬರ್ ಒಂದೇ ಐತೇನು, ಗಾಡಿಯ ಪುಸ್ತಕದಾಗಿನ ನಂಬರಿಗೆ ಹೊಂದತೈತೇನು? ಗ್ಯಾಪ್ ಫೀಲರ್ ಗೇಜಿನಿಂದ ಅಳೀರಿ. ಇಂಜೆಕ್ಷನ್ ಗಾಡಿಗೆ ಬಹಳಷ್ಟು ಕಡೆ 1.0ರಿಂದ 1.1 ಮಿ.ಮೀ. ಇರ್ತೈತಿ. ಪ್ಯಾಕಿನ್ಯಾಗಿಂದ ತಗದ ಹಂಗ ಹಾಕಿದ್ದು ಒಮ್ಮೊಮ್ಮೆ 0.7 ಇರ್ತೈತಿ, ಕೆಳಗ ಬಿದ್ದು ಎದ್ದದ್ದು ಪೂರ್ತಿ ಮುಚ್ಚೇ ಹೋಗಿರ್ತೈತಿ. ಬಿಳಿ ಪಿಂಗಾಣಿ ಮ್ಯಾಲೆ ಪೆನ್ಸಿಲಿನ್ಯಾಗ ಗೀರಿದ್ಹಂಗ ಕಪ್ಪು ಗೆರಿ ಕಂಡ್ರ ಕಿಡಿ ತುದಿಗೆ ಹೋಗದ ಹೊರಗಿಂದ ಹರದೈತಿ. ಆಗ ಪ್ಲಗ್ಗೂ ಬದಲಿ, ಅದರ ಕ್ಯಾಪೂ ಬದಲಿ. ಒಂದನ್ನ ಹಳೇದು ಬಿಟ್ರ ಹೊಸದಕ್ಕೂ ಅದ ಗೆರಿ ಬೀಳತೈತಿ. ತುದಿ ಹಸಿ ಇದ್ದು ಪೆಟ್ರೋಲ್ ವಾಸನಿ ಬಂದ್ರ ಕಿಡಿ ಇಲ್ಲ. ಒಣ ಮಸಿ ಇದ್ರ ಪೆಟ್ರೋಲ್ ಹೆಚ್ಚು, ಸುಣ್ಣದ್ಹಂಗ ಬೆಳ್ಳಗಿದ್ರ ಕಡಿಮಿ. ತಿರುಗಿ ಹಾಕಬೇಕಾದ್ರ ಮೊದಲು ಬೆರಳಿನಿಂದ ಪೂರ್ತಿ ತಿರುವಿ, ಆಮ್ಯಾಲೆ ಪಾನಾ ಹಚ್ಚಿ ಅರ್ಧ ಸುತ್ತು. ಈ ಅರ್ಧ ಸುತ್ತು ವಾಶರ್ ಇರೂ ಹೊಚ್ಚ ಹೊಸ ಪ್ಲಗ್ಗಿಗೆ ಮಾತ್ರ; ಒಮ್ಮೆ ಬಿಗಿದು ಬಿಚ್ಚಿದ್ದಕ್ಕ ಅಷ್ಟು ಬ್ಯಾಡ, ಸ್ವಲ್ಪ ಬಿಗಿದ್ರ ಸಾಕು. ಕ್ಯಾಪ್ ಒತ್ತಿದಾಗ ಟಕ್ ಅಂತ ಕೂಡಬೇಕು. ಆ ಟಕ್ ಬರಲಿಲ್ಲಂದ್ರ ಕೂತಿಲ್ಲ.

ವೈರಿಗೆ ಮಲ್ಟಿಮೀಟರ್ ಹಚ್ಚಿ ಓಮ್ ನೋಡ್ರಿ. ಉದ್ದಾದ್ದು ಸ್ವಲ್ಪ ಹೆಚ್ಚು, ಗಿಡ್ಡದ್ದು ಕಡಿಮಿ ತೋರಸ್ತೈತಿ. ನಾಕರಾಗ ಒಂದು ಮಾತ್ರ ಮೂರುಪಟ್ಟು ತೋರಿಸಿದ್ರ, ಇಲ್ಲಾ ಏನೂ ತೋರಸಲಿಲ್ಲಂದ್ರ, ಪ್ಲಗ್ ಬಿಚ್ಚೂ ಮುಂದ ಕ್ಯಾಪ್ ಬಿಟ್ಟು ವೈರ್ ಹಿಡದ ಜಗ್ಯಾರ ಅಂತ ತಿಳೀರಿ.

ಏರ್ ಫಿಲ್ಟರ್ ಕಡೆ ನೋಡೂದು ಹತ್ತು ನಿಮಿಷದ ಕೆಲಸ. ಡಬ್ಬಿಯ ಕ್ಲಿಪ್ ಎಲ್ಲಾ ಬಿದ್ದಾವೇನು, ಥ್ರಾಟಲ್ ಬಾಡಿಗೆ ಬರೂ ರಬ್ಬರ್ ಹೋಜ್ ಸೀಳೇತೇನು, ಒಳಗ ಅರಿವಿ ತುಂಡು ಉಳದೈತೇನು (ನಗಬ್ಯಾಡ್ರಿ, ಥ್ರಾಟಲ್ ಬಾಡಿ ಬಾಯಿಗೆ ತುರುಕಿದ ಅರಿವಿ ಮರತು ಬಿಡೂದು ಐತಿ). ಬಿಟ್ಟ ಕಪ್ಲರ್, ಬಿಟ್ಟ ವ್ಯಾಕ್ಯೂಮ್ ಪೈಪ್ ಹುಡುಕ್ರಿ. ಒಂದು ಮಾತು: ಮ್ಯಾಪ್ ಸೆನ್ಸರ್ (ಇಂಟೇಕಿನೊಳಗಿನ ಗಾಳಿಯ ಒತ್ತಡ ಅಳಿಯೂದು) ಇರೂ ಗಾಡಿಯಾಗ ಗಾಳಿ ಸೋರಿದ್ರ ಬಹಳ ಮಾಡಿ ಐಡಲ್ ಏರತೈತಿ, ಈ ಪರಿ ಸಿಡಿಯೂದಕ್ಕ, ಏರಿನ್ಯಾಗ ಸಾಯೂದಕ್ಕ ಅದೊಂದ ಕಾರಣ ಆಗೂದು ಕಡಿಮಿ. ಆದ್ರ ಮ್ಯಾಪ್ ಸೆನ್ಸರಿನ ಪೈಪ್ ಬಿಟ್ಟಿದ್ರ ಕಂಪ್ಯೂಟರಿಗೆ ಯಾವಾಗಲೂ ಪೂರ್ತಿ ಲೋಡ್ ಐತಿ ಅನಸ್ತೈತಿ, ಪೆಟ್ರೋಲ್ ಸುರೀತೈತಿ, ಕರೀ ಹೊಗಿ ಬರ್ತೈತಿ. ಸ್ಕ್ಯಾನರ್ (ಗಾಡಿಯ ಕಂಪ್ಯೂಟರ್ ಓದೂ ಯಂತ್ರ) ಸಿಕ್ರ ಕೀ ಹಾಕಿ ಇಂಜಿನ್ ಚಾಲೂ ಮಾಡದ ಮ್ಯಾಪ್ ಓದ್ರಿ. ಹುಬ್ಬಳ್ಳಿ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರ, ಹಿಂಗಾಗಿ 93ರಿಂದ 94 ಕಿಲೋಪಾಸ್ಕಲ್ ಹತ್ರ ತೋರಸಬೇಕು, 101 ಅಲ್ಲ.

ಸ್ಕ್ಯಾನರ್ ವಿಷಯ ಬಂತು. 2009ರ ಗಾಡಿಗೆ ಮೊಬೈಲಿಗೆ ಕೂಡೂ ಅಗ್ಗದ ಬ್ಲೂಟೂತ್ ಡಬ್ಬಿ ಮಾತಾಡಿದ್ರೂ ಮಾತಾಡೀತು, ಇಲ್ಲಂದ್ರೂ ಇಲ್ಲ. ಗ್ಯಾರೇಜಿನ ದೊಡ್ಡ ಸ್ಕ್ಯಾನರ್ ಬೇಕಾಗಬಹುದು. ಅದು ತೋರಸೂ ತಕರಾರಿನ ಕೋಡ್ ಪಿ 0301ರಿಂದ 0304 ಬಂದ್ರ ಆ ಸಿಲಿಂಡರ್ ತಪ್ಪತೈತಿ, ಕಡೀ ಅಂಕಿ ಸಿಲಿಂಡರ್ ನಂಬರ್. ಪಿ 0113 ಬಂದ್ರ ಗಾಳಿಯ ಬಿಸಿ ಅಳಿಯೂ ಸೆನ್ಸರಿನ ಕಪ್ಲರ್ ಹಾಕೂದು ಮರತಾರ. ಪಿ 0016 ಬಂತಂದ್ರ ಕ್ರ್ಯಾಂಕು, ಕ್ಯಾಮು (ವಾಲ್ವ್ ತೆರಿಯೂ ದಂಡ) ಒಂದಕ್ಕೊಂದು ಹೊಂದವಲ್ಲವು, ಸೀದಾ ಬೆಲ್ಟಿಗೆ ಹೋಗ್ರಿ. ಕೋಡ್ ಬರಲಿಲ್ಲಂದ್ರ ಬೆಲ್ಟ್ ಸರಿ ಐತಿ ಅಂತ ಮಾತ್ರ ತಿಳಿಬ್ಯಾಡ್ರಿ.

ಬೆಲ್ಟ್. ಒಂದು ಹಲ್ಲು ಅಂದ್ರ ಕ್ರ್ಯಾಂಕಿನ ಲೆಕ್ಕದಾಗ 15ರಿಂದ 20 ಡಿಗ್ರಿ. ಕ್ರ್ಯಾಂಕ್ ಸೆನ್ಸರ್ ನೋಡಿ ಕಿಡಿ ಕೊಡೂ ಗಾಡಿಯಾಗ ಕಿಡಿ ಸರಿಯಾದ ಹೊತ್ತಿಗೇ ಬರ್ತೈತಿ, ವಾಲ್ವ್ ಮಾತ್ರ ತಡಾ ಮುಚ್ಚತೈತಿ. ಎಳಕೊಂಡ ಗಾಳಿ ಒಂದಿಷ್ಟು ಹಿಂದಕ್ಕ ಹೋಗತೈತಿ. ಕೆಳಗಿನ ಆರ್‌ಪಿಎಂನ್ಯಾಗ ಸತ್ತ್ಹಂಗ, 4000 ದಾಟಿದ ಮ್ಯಾಲೆ ಸ್ವಲ್ಪ ಜೀವ ಬಂದ್ಹಂಗ ಅನಿಸಿದ್ರ ಕ್ಯಾಮ್ ಹಿಂದ ಉಳದೈತಿ. ಕವರ್ ಬಿಚ್ಚೂಕಿಂತ ಮೊದಲು ಇಂಟೇಕಿಗೆ ವ್ಯಾಕ್ಯೂಮ್ ಗೇಜ್ (ಇಂಜಿನ್ ಗಾಳಿ ಎಳಿಯೂ ಜೋರು ತೋರಸೂ ಮೀಟರ್) ಹಚ್ಚಿ ನೋಡಬಹುದು. ನಮ್ಮ ಎತ್ತರಕ್ಕ ಐಡಲ್‌ನ್ಯಾಗ 15ರಿಂದ 19 ಇಂಚು (ಪಾದರಸದ ಲೆಕ್ಕ), ಮುಳ್ಳು ಅಲ್ಲಾಡದ ನಿಂದರಬೇಕು. ಮುಳ್ಳು ಗಟ್ಟಿ ನಿಂತು 10-12ರಾಗನ ಇದ್ರ ವಾಲ್ವ್ ಟೈಮಿಂಗ್ ತಡಾ. ಮುಳ್ಳು ಹಾರಾಡತಿದ್ರ ಯಾವುದೋ ಒಂದು ಸಿಲಿಂಡರಿನ ತಕರಾರು. ಕಂಪ್ರೆಷನ್ ಟೆಸ್ಟೂ ಅದನ್ನ ಹೇಳತೈತಿ: ನಾಕೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ರಿಲೇ ಮತ್ತ ಕಾಯಿಲ್ ಕಪ್ಲರ್ ತಗದು, ಎಕ್ಸಿಲೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೀರಿ. ಇಂಥಾ ಇಂಜಿನ್ನಿಗೆ 11ರಿಂದ 14 ಬಾರ್ ಬರಬೇಕು, ಒಂದಕ್ಕೊಂದು 1 ಬಾರಿಗಿಂತ ಹೆಚ್ಚು ಫರಕ್ ಇರಬಾರ್ದು. ನಾಕೂ ಸಮಾ ಇದ್ದು ನಾಕೂ ಕಡಿಮಿ ಅಂದ್ರ ಪಿಸ್ಟನ್ ರಿಂಗು ಒಂದೇ ದಿನ ಸವದಿಲ್ಲ, ಬೆಲ್ಟ್ ತಪ್ಪೈತಿ.

ಈಗ ಮ್ಯಾಲಿನ ಕವರ್ ಬಿಚ್ಚಸ್ರಿ, ಬಹಳ ಗಾಡಿಗೆ 10 ನಂಬರ್ ಬೋಲ್ಟು. ಗೇರ್ ನ್ಯೂಟ್ರಲ್, ಪ್ಲಗ್ ಹೊರಗ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಚ್ಚಿ ಕೈಯಿಂದ ಗಡಿಯಾರದ ದಿಕ್ಕಿಗೆ ಎರಡು ಪೂರ್ತಿ ಸುತ್ತು. ಕ್ಯಾಮಿನ ಬೋಲ್ಟ್ ಹಿಡದು ತಿರುವೂದು ಬ್ಯಾಡ, ಉಲ್ಟಾ ತಿರುವೂದಂತೂ ಬ್ಯಾಡೇ ಬ್ಯಾಡ. ಎಲ್ಲಾದ್ರೂ ಗಟ್ಟಿಯಾಗಿ ತಡದ್ರ ಅಲ್ಲೇ ಬಿಡ್ರಿ, ವಾಲ್ವ್ ಪಿಸ್ಟನ್ನಿಗೆ ತಾಗಿರಬಹುದು. ಕ್ರ್ಯಾಂಕಿನ ಮಾರ್ಕ್ ಟಿ ಅಥವಾ 0 ಗೆರಿಗೆ ಬಂದಾಗ ಕ್ಯಾಮಿನ ಮಾರ್ಕ್ ಹೆಡ್ಡಿನ ಮ್ಯಾಲಿನ ಗುರುತಿಗೆ ಸೀದಾ ನಿಂದರಬೇಕು. ಪೂರ್ತಿ ಎದುರು ದಿಕ್ಕಿಗೆ ಇದ್ರ ಗಾಬರಿ ಬ್ಯಾಡ, ಇನ್ನೊಂದು ಸುತ್ತು ತಿರುವ್ರಿ, ಬರ್ತೈತಿ. ಒಂದು ಹಲ್ಲು ಆಚೀಚೆ ಕಂಡ್ರ ಅದನ ನಿಮ್ಮ ರೋಗ. ಈ ತಪ್ಪು ಆಗೂದು ಹೆಂಗಂದ್ರ, ಮಾರ್ಕ್ ಕೂಡ್ಸಿ ಬೆಲ್ಟ್ ಹಾಕ್ತಾರ, ಆಮ್ಯಾಲೆ ಟೆನ್ಶನರ್ ಬಿಗಿಯೂ ಮುಂದ ಸಡ್ಲ ಇದ್ದ ಕಡೆಯ ಬೆಲ್ಟ್ ಜಗ್ಗಿ ಕ್ಯಾಮ್ ಒಂದು ಹಲ್ಲು ಸರೀತೈತಿ. ಎರಡು ಸುತ್ತು ತಿರುವಿ ಮತ್ತ ನೋಡೂದು ಬಿಟ್ಟಾರ. ಕವರ್ ಮುಚ್ಚೂಕಿಂತ ಮೊದಲು ನಿಮ್ಮ ಕಣ್ಣ ಮುಂದ ಮಾರ್ಕ್ ತೋರಸಾಕ ಹೇಳ್ರಿ. ಸರಿ ಮಾಡಿದ್ದಕ್ಕ ಮತ್ತ ಮಜೂರಿ ಕೊಡೂದು ಬ್ಯಾಡ.

ಪೆಟ್ರೋಲ್ ಪಂಪಿನ ಮಾತು ಗೇಜ್ ಹಚ್ಚೂತನಕ ನಂಬಬ್ಯಾಡ್ರಿ. ಬಹಳ ಗಾಡಿಗಳಾಗ 3 ಬಾರ್ ಹತ್ರ ಪ್ರೆಷರ್ ಇರ್ತೈತಿ, ರೇಸ್ ಕೊಟ್ಟಾಗ ಬೀಳಬಾರ್ದು. ಪೆಟ್ರೋಲ್ ಫಿಲ್ಟರ್ ಬದಲಿ ಮಾಡಿದ್ರ ಬಾಣದ ಗುರುತು ಇಂಜಿನ್ ಕಡೆ ಐತೇನು ನೋಡ್ರಿ. ಆಯಿಲ್ ಡಿಪ್‌ಸ್ಟಿಕ್ಕೂ ಒಮ್ಮೆ ಎಳೀರಿ, ಮ್ಯಾಲಿನ ಗುರುತು ದಾಟಿದ್ರ ಹೆಚ್ಚಾದದ್ದನ್ನ ಇಳಸ್ರಿ.

ಗ್ಯಾಸ್ ಕಿಟ್ ಇದ್ದು, ಪೆಟ್ರೋಲ್ ಮ್ಯಾಲೆ ಛಲೋ ಓಡಿ ಗ್ಯಾಸಿನ್ಯಾಗ ಮಾತ್ರ ಸಿಡಿತಿದ್ರ ಬೆಲ್ಟ್ ಬಿಚ್ಚಸಬ್ಯಾಡ್ರಿ. ಸಿಎನ್‌ಜಿ ಹೊತ್ತಾಕ ಹೆಚ್ಚು ವೋಲ್ಟೇಜ್ ಬೇಕು, ಗ್ಯಾಪ್ 0.7-0.8ಕ್ಕ ಇಳಸಿ, ವೈರ್ ಬದಲಿ ಮಾಡಿದ್ರ ಬಹಳ ಸಲ ಅಲ್ಲಿಗೇ ಮುಗೀತೈತಿ.

ಇದೆಲ್ಲಾ ಆಗೂತನಕ ಗಾಡಿ ಓಡಸಬ್ಯಾಡ್ರಿ, ಧಾರವಾಡಕ್ಕ ಒಂದು ಸಲ ಹೋಗಿ ಬರ್ತೀನಿ ಅಂತಾನೂ ಬ್ಯಾಡ. ಉರಿಲಾರದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನ್ಯಾಗ ಹೊತ್ತಿ ಒಳಗಿನ ಜಾಲರಿ ಕರಗಿಸ್ತೈತಿ, ಹೊಗಿ ದಾರಿ ಕಟ್ಟತೈತಿ. ಆಮ್ಯಾಲೆ ವೈರು, ಬೆಲ್ಟು ಎಲ್ಲಾ ಸರಿ ಮಾಡಿದ್ರೂ ಪಿಕಪ್ ಬರೂದಿಲ್ಲ, ಜನ ಮತ್ತ ಕಾಯಿಲ್ಲಿಗೆ ಓಡ್ತಾರ. ಸಿಡಿಯೂದು ನಿಂತು ಎಳ್ತ ಮಾತ್ರ ಬರವಲ್ಲದು ಅಂದ್ರ, 2500 ಆರ್‌ಪಿಎಂನ್ಯಾಗ ಹಿಡದು ವ್ಯಾಕ್ಯೂಮ್ ಗೇಜ್ ನೋಡ್ರಿ: ಮುಳ್ಳು ನಿಧಾನಕ್ಕ ಇಳಕೊಂತ ಹೊಂಟ್ರ ದಾರಿ ಕಟ್ಟೈತಿ. ಕನ್ವರ್ಟರಿನ ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತು ತೆರದಿಟ್ಟು ಗ್ಯಾರೇಜಿನ ಅಂಗಳದಾಗ ಒಂದು ನಿಮಿಷ ರೇಸ್ ಕೊಟ್ರೂ ಗೊತ್ತಾಗತೈತಿ, ಇಂಜಿನ್ ಒಮ್ಮೆಲೆ ಹಗುರ ಆಗತೈತಿ.

ಸರಿಯಾದ ಮ್ಯಾಲೆ ಗಬ್ಬೂರ ಕ್ರಾಸಿನಿಂದ ನರೇಂದ್ರದ ಕಡೆ ಬೈಪಾಸಿನ್ಯಾಗ ಒಯ್ರಿ. ಮೂರನೇ ಗೇರಿನ್ಯಾಗ 2000ದಿಂದ 4500 ಆರ್‌ಪಿಎಂ ತನಕ ಪೂರ್ತಿ ಒತ್ತಿ ಎಳದಾಗ ಒಂದು ಸಲಾನೂ ತಪ್ಪಬಾರ್ದು, ಎಕ್ಸಿಲೇಟರ್ ಬಿಟ್ಟಾಗ ಹಿಂದ ಸಿಡಿಬಾರ್ದು. ಹಂಗೂ ತಪ್ಪಿದ್ರ ಎಷ್ಟು ಆರ್‌ಪಿಎಂನ್ಯಾಗ, ಯಾವ ಕಡೆ, ನಾಕೂ ಪ್ಲಗ್ಗಿನ ಬಣ್ಣ ಹೆಂಗೈತಿ, ಕಂಪ್ರೆಷನ್ ಎಷ್ಟೆಷ್ಟು ಬಂತು ಅನ್ನೂದನ್ನ ಇಲ್ಲೇ ಕೆಳಗ ಬರೀರಿ.